ಕಹಿಯ ರುಚಿಯೂ ಕರುಳಿನ ಕ್ಯಾನ್ಸರೂ

ಕಾಲೇಜಿನಲ್ಲಿ ಜೀವಶಾಸ್ತ್ರವನ್ನಾಗಲಿ ಮಾನವಶಾಸ್ತ್ರವನ್ನಾಗಲಿ ಅಭ್ಯಾಸ ಮಾಡುವ ಅನೇಕ ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ ಚಿರಪರಿಚಿತವಾದುದು. ಅಧ್ಯಾಪಕರು ಎಲ್ಲರ ಕೈಗೂ ಒಂದೊಂದು ತುಂಡು ಕಾಗದವನ್ನು ಕೊಡುತ್ತಾರೆ. ಫಿನೈಲ್ ಥಯೋಕಾರ್ಬಮೈಡ್ ಎಂಬ ರಾಸಾಯನಿಕದ ತೀರ ತೆಳುವಾದ ದ್ರಾವಣದಲ್ಲಿ ಅದನ್ನು ಅದ್ದಿ ಒಣಗಿಸಿರುತ್ತಾರೆ. ನಾಲಗೆಯ ಮೇಲೆ ಇಟ್ಟೊಡನೆಯೇ ಕೆಲವರು ಮುಖ ಕಿವಿಚಿಕೊಂಡು ನೀರಿಗಾಗಿ ಓಡುತ್ತಾರೆ. ಅವರ ಮಗ್ಗುಲಲ್ಲಿಯೇ ಕುಳಿತ ಮತ್ತೆ ಕೆಲವರು ಅದೇ ಕಾಗದವನ್ನು ಎಷ್ಟು ಚಪ್ಪರಿಸಿದರೂ ಬರಿಯ ಕಾಗದದ ರುಚಿಯನ್ನಲ್ಲದೆ ಬೇರೇನನ್ನೂ ಕಾಣದೆ, ಗೆಳೆಯರು ನಟಿಸುತ್ತಿರುವರೋ ಏನೋ ಎಂದು ಶಂಕಿಸುತ್ತಾರೆ. ವಾಸ್ತವವಾಗಿ ಯಾರೂ ನಟಿಸುತ್ತಿರುವುದಿಲ್ಲ. ಅವರಿಬ್ಬರ ನಾಲಗೆಗಳೇ ಬೇರೆ ಬೇರೆ. ಆ ಭೇದ ಹುಟ್ಟಿನಿಂದ ಬಂದುದು.

ಈ ಶತಮಾನದ ಆರಂಭದಿಂದ ಈಚೆಗೆ ನಡೆದ ಕೆಲವು ಸಂಶೋಧನೆಗಳು ಈ ಭೇದಕ್ಕೂ ದೊಡ್ಡ ಕರುಳಿನ ಕ್ಯಾನ್ಸರಿಗೂ ಸಂಬಂಧವಿರಬಹುದೆಂದು ಸೂಚಿಸಿವೆ. ಇದನ್ನು ಕೇಳಿದ ವಿದ್ಯಾರ್ಥಿಯು, ಅದರಲ್ಲಿಯೂ ಕಾಗದದಲ್ಲಿ ಕಹಿಯನ್ನು ಕಾಣದವನು, "ಹಾಗಾದರೆ ನನಗೆ ಆ ರೋಗ ಬರುವುದೆ?" ಎಂದು ಕೇಳಿದರೆ ಅದು ಉಚಿತವಾದ ಪ್ರಶ್ನೆಯೇ. ಅದಕ್ಕೆ ಹೌದೆಂದಾಗಲಿ ಅಲ್ಲವೆಂದಾಗಲಿ ಒಂದೇ ಮಾತಿನಲ್ಲಿ ಉತ್ತರ ಹೇಳುವುದು ಸರಿಯಲ್ಲ. ನಾಲಗೆಯಿಂದ ಹೊರಟು ಕರುಳಿನವರೆಗೆ ಒಂದೊಂದೇ ಹೆಜ್ಜೆಯಾಗಿ ನಡೆದು, ಪ್ರತಿಯೊಂದು ಹೆಜ್ಜೆಯೂ ಎಷ್ಟು ಗಟ್ಟಿಯೆಂಬುದನ್ನು ಪರೀಕ್ಷಿಸೋಣ.

ಗಾಳಿಗೆ ಹಾರಿದ ಪುಡಿ

ಈ ಭೇದ ಮೊದಲು ಬೆಳಕಿಗೆ ಬಂದುದು 1931ರಲ್ಲಿ, ಆಕಸ್ಮಿಕವಾಗಿ. ಅಮೆರಿಕದ ಡೆಲವೇರ್ ಸಂಸ್ಥಾನದಲ್ಲಿ ಡ್ಯುಪಾಂಟ್ ಕಂಪನಿಯ ಪ್ರಯೋಗಶಾಲೆಯೊಳಗೆ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞನು ತಾನು ತಯಾರಿಸಿದ್ದ ಈ ಪುಡಿಯನ್ನು ಸೀಸೆಗೆ ತುಂಬುತ್ತಿದ್ದನು. ಸ್ವಲ್ಪ ಪುಡಿ ಗಾಳಿಗೆ ಹಾರಿತು. ಬಳಿಯಲ್ಲಿದ್ದ ನಾಲರ್ ಎಂಬ ಸಹೋದ್ಯೋಗಿಯು ಧೂಳು ಬಹು ಕಹಿಯಾಗಿದೆಯೆಂದು ದೂರಿದನು. ಪುಡಿಗೆ ಇನ್ನೂ ಹತ್ತಿರವಿದ್ದ ಫಾಕ್ಸನಿಗೆ ಯಾವ ರುಚಿಯೂ ತೋರಲಿಲ್ಲ. ಇಬ್ಬರೂ ವಾದಿಸಿದರು; ಮತ್ತೆ ರುಚಿ ನೋಡಿದರು; ಇಬ್ಬರೂ ತಮ್ಮ ತಮ್ಮ ಮಾತಿಗೇ ನಿಂತರು. ಬೇರೆಯವರನ್ನೂ ಪರೀಕ್ಷಿಸಲಾಗಿ, ಜನರಲ್ಲಿ ಈ ಎರಡು ಬಗೆಯವರೂ ಧಾರಾಳವಾಗಿ ಇರುವರೆಂದು ಗೊತ್ತಾಯಿತು.

ಇದು ವಂಶಪಾರಂಪರ್ಯವಾಗಿ ಬರುವ ಗುಣವೆಂದು ಸ್ನೈಡರ್, ಬ್ಲೇಕ್ಸ್‌ಲೀ ಮೊದಲಾದ ವಿಜ್ಞಾನಿಗಳು 1931-32ರಲ್ಲಿಯೇ ಕುಟುಂಬಗಳನ್ನು ಪರೀಕ್ಷಿಸಿ ತೋರಿಸಿದರು. ಮೆಂಡೆಲನ ಬಟಾಣಿ ಗಿಡಗಳಲ್ಲಿ ಕುಳ್ಳುತನ ಹೇಗೋ ಹಾಗೆ, ಇಲ್ಲಿ ರುಚಿಯನ್ನರಿಯದಿರುವುದು ಅಪ್ರಬಲವಾದ ಗುಣ. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಬರುವ ಎರಡು ಪ್ರತಿಗಳೂ ಅದೇ ಬಗೆಯವಾದರೆ ಮಾತ್ರ ಅದು ಪ್ರಕಟವಾಗುತ್ತದೆ. ತಂದೆತಾಯಿಗಳಿಬ್ಬರೂ ಕಹಿಯನ್ನು ಅರಿಯುವವರಾಗಿದ್ದು, ಒಬ್ಬೊಬ್ಬರಲ್ಲಿಯೂ ಒಂದೊಂದು ಅಪ್ರಬಲ ಪ್ರತಿ ಅಡಗಿದ್ದರೆ, ಅವರ ಮಗುವಿಗೆ ಕಹಿ ತಿಳಿಯದಿರುವ ಸಂಭವ ನಾಲ್ಕರಲ್ಲಿ ಒಂದು. ನಡುವಣ ಮಟ್ಟದ ಅರಿವುಳ್ಳವರೂ ಇರುವುದರಿಂದ ಮನುಷ್ಯರ ವಿಷಯದಲ್ಲಿ ಲೆಕ್ಕ ಬಟಾಣಿಯಷ್ಟು ಚೊಕ್ಕಟವಲ್ಲ. ಆದರೂ ಈ ನಿಯಮ ಬಹುಮಟ್ಟಿಗೆ ನಿಜ.

ಇದು ಒಂದು ಕುಂದೆಂದು ಭಾವಿಸಬಾರದು. 1939ರಲ್ಲಿ ಫಿಷರ್, ಫೋರ್ಡ್ ಮತ್ತು ಜೂಲಿಯನ್ ಹಕ್ಸ್‌ಲಿ ಎಂಬ ಮೂವರು ವಿಜ್ಞಾನಿಗಳು ಮೃಗಾಲಯಗಳ ಚಿಂಪಾಂಜಿಗಳಿಗೆ ಇದೇ ರಾಸಾಯನಿಕದ ದ್ರಾವಣವನ್ನು ಕುಡಿಸಿ ನೋಡಿದರು. ಕೆಲವು ಉಗುಳಿದುವು, ಕೆಲವು ನೆಮ್ಮದಿಯಾಗಿ ನುಂಗಿದುವು. ಮನುಷ್ಯನಲ್ಲಿಯೂ ಚಿಂಪಾಂಜಿಯಲ್ಲಿಯೂ ಈ ಭೇದ ಬೇರೆ ಬೇರೆಯಾಗಿಯೇ ಹುಟ್ಟಿತೆಂದು 2006ರಲ್ಲಿ ತಿಳಿದುಬಂದಿತು. ಎರಡು ಬಗೆಯೂ ಮನುಷ್ಯಕುಲದಲ್ಲಿ ಇಷ್ಟು ವ್ಯಾಪಕವಾಗಿ ಉಳಿದು ಬಂದಿರುವುದನ್ನು ನೋಡಿದರೆ, ಒಂದೊಂದಕ್ಕೂ ಅದರದರ ಪ್ರಯೋಜನವಿದ್ದಿರಬಹುದೆಂದು ಅನೇಕ ವಿಜ್ಞಾನಿಗಳು ಊಹಿಸುತ್ತಾರೆ.

ಬೀಗವೂ ಬೀಗದ ಕೈಯೂ

ನಾಲಗೆಯ ಮೇಲಿನ ರುಚಿಮೊಗ್ಗುಗಳಲ್ಲಿ ಕಹಿಯನ್ನು ಗುರುತಿಸಲೆಂದೇ ಕೆಲವು ಜೀವಕೋಶಗಳಿವೆ. ಅವುಗಳ ಪೊರೆಯಲ್ಲಿ ಗ್ರಾಹಕಗಳೆಂಬ ಪ್ರೋಟೀನುಗಳು ನೆಟ್ಟುಕೊಂಡಿರುತ್ತವೆ. ಗ್ರಾಹಕವನ್ನು ಬೀಗಕ್ಕೂ ಕಹಿವಸ್ತುವಿನ ಅಣುವನ್ನು ಬೀಗದ ಕೈಗೂ ಹೋಲಿಸಬಹುದು. ಕೈ ಬೀಗಕ್ಕೆ ಹೊಂದಿದರೆ ಕೋಶದ ಒಳಗೆ ಒಂದು ಸಂಕೇತ ಹುಟ್ಟಿ, ನರಗಳ ಮೂಲಕ ಮಿದುಳನ್ನು ತಲಪುತ್ತದೆ. ಆಗ "ಕಹಿ" ಎಂಬ ಅನುಭವ ನಮಗಾಗುತ್ತದೆ. ಮನುಷ್ಯನಲ್ಲಿ ಇಂತಹ ಕಹಿಗ್ರಾಹಕಗಳು ಸುಮಾರು 25 ಇವೆ. ಪ್ರತಿಯೊಂದಕ್ಕೂ ಪ್ರತ್ಯೇಕವಾದ ಜೀನು ಉಂಟು.

ಫಾಕ್ಸನ ಪುಡಿಗೆ ಹೊಂದುವ ಬೀಗದ ಜೀನನ್ನು ಅಮೆರಿಕದ ಡೆನಿಸ್ ಡ್ರೇನಾ ಮತ್ತು ಸಂಗಡಿಗರು 2003ರಲ್ಲಿ ಗುರುತಿಸಿದರು. ಏಳನೆಯ ವರ್ಣತಂತುವಿನ ಮೇಲಿರುವ ಆ ಜೀನಿಗೆ ಟಿಎಎಸ್2ಆರ್38 ಎಂದು ಹೆಸರು. ಅದು 333 ಅಮೈನೋ ಆಮ್ಲಗಳ ಒಂದು ಪ್ರೋಟೀನನ್ನು ಕಟ್ಟುತ್ತದೆ. ಈ ಸರಪಣಿಯ 49, 262 ಮತ್ತು 296ನೆಯ ಸ್ಥಾನಗಳಲ್ಲಿ ಜನರಲ್ಲಿ ಭೇದ ಕಾಣುತ್ತದೆ. ಕಹಿಯನ್ನು ಚೆನ್ನಾಗಿ ಅರಿಯುವ ಬಗೆಯಲ್ಲಿ ಆ ಸ್ಥಾನಗಳಲ್ಲಿ ಕ್ರಮವಾಗಿ ಪ್ರೊಲೀನ್, ಅಲನೀನ್, ವ್ಯಾಲೀನ್ ಇರುತ್ತವೆ. ಅರಿಯದ ಬಗೆಯಲ್ಲಿ ಅಲನೀನ್, ವ್ಯಾಲೀನ್, ಐಸೋಲ್ಯೂಸೀನ್ ಇರುತ್ತವೆ. ಉಳಿದ ಸರಪಣಿಯೆಲ್ಲ ಒಂದೇ. ಮೂರು ಮಣಿಗಳು ಬದಲಾದ ಮಾತ್ರಕ್ಕೆ ಬೀಗವು ಕೈಗೆ ಒಲಿಯದಂತಾಗುತ್ತದೆ.

ಇಲ್ಲಿ ವಾಚಕರು ಒಂದು ಅಂಶವನ್ನು ಗಮನಿಸಬೇಕು. ಈ ಕಾಗದದಲ್ಲಿ ರುಚಿ ಕಾಣದವರಿಗೆ ಹಾಗಲಕಾಯಿಯ ಕಹಿಯೂ ಯುಗಾದಿಯ ಬೇವಿನ ಕಹಿಯೂ ತಿಳಿಯುವುದಿಲ್ಲವೆಂದಲ್ಲ. ಅವುಗಳ ಕಹಿವಸ್ತುಗಳ ರಚನೆಯೇ ಬೇರೆ. ಅವನ್ನು ಹಿಡಿಯುವ ಬೀಗಗಳೂ ಬೇರೆ. ಇಂಗಾಲ, ಗಂಧಕ, ಸಾರಜನಕಗಳು ಒಂದು ಗೊತ್ತಾದ ರೀತಿಯಲ್ಲಿ ಕೂಡಿಕೊಂಡಿರುವ ವಸ್ತುಗಳನ್ನು ಗುರುತಿಸುವುದೇ ನಮ್ಮ ಈ ಬೀಗದ ಮುಖ್ಯ ಕೆಲಸ. ಅಂತಹ ಗುಂಪುಳ್ಳ ವಸ್ತುಗಳು ಸಾಸಿವೆಯ ಕುಟುಂಬಕ್ಕೆ ಸೇರಿದ ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ ಮುಂತಾದ ತರಕಾರಿಗಳಿಂದ ಹುಟ್ಟುತ್ತವೆ. ನಾಲಗೆಯಿಂದ ಕರುಳಿಗೆ ಹೋಗುವ ಮೊದಲನೆಯ ದಾರಿ ಇಲ್ಲಿಂದಲೇ ಹೊರಡುತ್ತದೆ.

ಮೊದಲನೆಯ ದಾರಿ: ಊಟದ ಎಲೆಯ ಮೂಲಕ

ದೊಡ್ಡ ಕರುಳಿನ ಮತ್ತು ಗುದನಾಳದ ಕ್ಯಾನ್ಸರು ಪ್ರಪಂಚದಲ್ಲಿ ಅತ್ಯಂತ ವ್ಯಾಪಕವಾದ ಕ್ಯಾನ್ಸರುಗಳಲ್ಲಿ ಒಂದು. 2022ರಲ್ಲಿ ಸುಮಾರು 19 ಲಕ್ಷ ಮಂದಿಯಲ್ಲಿ ಅದು ಹೊಸದಾಗಿ ಕಂಡುಬಂದಿತು. ಸುಮಾರು 9 ಲಕ್ಷ ಮಂದಿ ಅದರಿಂದ ಮೃತಪಟ್ಟರು. ಈ ರೋಗ ಒಂದೇ ದಿನದಲ್ಲಿ ತಲೆದೋರುವುದಿಲ್ಲ. ಸಾಮಾನ್ಯವಾಗಿ ಕರುಳಿನ ಒಳಪೊರೆಯಲ್ಲಿ ಪಾಲಿಪ್ ಎಂಬ ಸಣ್ಣ ಗಂತಿಯೊಂದು ಮೊದಲು ಹುಟ್ಟುತ್ತದೆ. ಅಂತಹ ಗಂತಿಗಳಲ್ಲಿ ಬಹುಪಾಲು ನಿರಪಾಯಕರವಾಗಿಯೇ ಉಳಿಯುತ್ತವೆ. ಕೆಲವು ಮಾತ್ರ, ಹತ್ತು ವರ್ಷಗಳೋ ಅದಕ್ಕೂ ಹೆಚ್ಚೋ ಕಾಲದಲ್ಲಿ, ಕ್ಯಾನ್ಸರಾಗಿ ಮಾರ್ಪಡುತ್ತವೆ.

ಈ ದೀರ್ಘಕಾಲದಲ್ಲಿ ಆಹಾರದ ಪ್ರಭಾವ ಬಹಳ. ಆದುದರಿಂದ ಹೀಗೊಂದು ತರ್ಕ ಹುಟ್ಟಿತು: ಕೋಸಿನ ಜಾತಿಯ ತರಕಾರಿಗಳು ಯಾರಿಗೆ ಹೆಚ್ಚು ಕಹಿಯಾಗಿ ತೋರುತ್ತವೆಯೋ ಅವರು ಅವನ್ನು ಕಡಿಮೆ ತಿನ್ನುತ್ತಾರೆ, ತರಕಾರಿ ಕಡಿಮೆಯಾದರೆ ನಾರು ಮತ್ತಿತರ ರಕ್ಷಕ ವಸ್ತುಗಳೂ ಕಡಿಮೆಯಾಗುತ್ತವೆ, ಹಾಗಾಗಿ ಕಹಿಯನ್ನು ಚೆನ್ನಾಗಿ ಅರಿಯುವವರಿಗೇ ರೋಗದ ಭಯ ಹೆಚ್ಚು.

ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಇದಕ್ಕೆ ಬೆಂಬಲವನ್ನು ಕೊಟ್ಟಿತು. ಕರುಳಿನ ಪರೀಕ್ಷೆಗೆ ಬಂದಿದ್ದ ಸುಮಾರು 250 ಮಂದಿಗೆ, ಬಹುಮಟ್ಟಿಗೆ ಗಂಡಸರಿಗೆ, ಪ್ರೊಪಿಲ್ ಥಯೋಯುರಸಿಲ್ ಎಂಬ ವಸ್ತುವನ್ನು ರುಚಿ ನೋಡಲು ಕೊಟ್ಟರು. ಇದು ಫಾಕ್ಸನ ಪುಡಿಗೆ ನಂಟಿನ ವಸ್ತು. ಅದೇ ಬೀಗಕ್ಕೆ ಹೊಂದುತ್ತದೆ. ಅದು ಹೆಚ್ಚು ಕಹಿಯೆಂದವರ ಕರುಳಿನಲ್ಲಿ ಗಂತಿಗಳ ಸಂಖ್ಯೆಯೂ ಹೆಚ್ಚಾಗಿ ಕಂಡಿತು. ಅವರಲ್ಲಿ ವಯಸ್ಸಾದವರು ತರಕಾರಿಯನ್ನು ಕಡಿಮೆ ತಿನ್ನುತ್ತಿದ್ದುದೂ ತಿಳಿಯಿತು.

ಎರಡನೆಯ ದಾರಿ: ಕರುಳಿಗೂ ಕಹಿ ತಿಳಿಯುವುದೆ?

ನಾಲಗೆಯನ್ನು ದಾಟಿದ ಮೇಲೆ ರುಚಿಯಿಲ್ಲವೆಂಬುದು ಲೋಕದ ಮಾತು. ಆದರೆ ಕಹಿಗ್ರಾಹಕಗಳು ಜಠರ ಮತ್ತು ಕರುಳಿನ ಕೋಶಗಳಲ್ಲಿಯೂ ಇವೆಯೆಂದು 2002ರಿಂದ ಈಚೆಗೆ ತಿಳಿದುಬಂದಿದೆ. ಕರುಳು ಕಹಿಯನ್ನು ನಮ್ಮ ಅರಿವಿಗೆ ತರುವುದಿಲ್ಲ; ತನ್ನಷ್ಟಕ್ಕೆ ತಾನೇ ಕೆಲಸ ಮಾಡುತ್ತದೆ. ಜಪಾನಿನ ವಿಜ್ಞಾನಿಗಳು 2009ರಲ್ಲಿ ಮನುಷ್ಯನ ದೊಡ್ಡ ಕರುಳಿನ ಒಳಪೊರೆಗೆ ಮೇಲೆ ಹೇಳಿದ ಪ್ರೊಪಿಲ್ ಥಯೋಯುರಸಿಲನ್ನೇ ಸೋಕಿಸಿದಾಗ, ಪೊರೆಯು ಲವಣಾಂಶದ ಅಯಾನುಗಳನ್ನು ಒಸರಲಾರಂಭಿಸಿತು. ಅಯಾನುಗಳ ಹಿಂದೆಯೇ ನೀರೂ ಹೊರಡುತ್ತದೆ. ಕಣ್ಣಿಗೆ ಕಸ ಬಿದ್ದರೆ ಕಣ್ಣೀರು ಹರಿದು ಅದನ್ನು ಕೊಚ್ಚುವಂತೆ, ಕರುಳು ಅನಿಷ್ಟವಾದುದನ್ನು ತೊಳೆದು ಸಾಗಿಸಲು ಯತ್ನಿಸುತ್ತಿರಬಹುದು.

ಕಹಿಯೆಂಬುದು ವಿಷದ ಮುನ್ಸೂಚನೆಯೆಂದು ಪ್ರಾಣಿಶಾಸ್ತ್ರಜ್ಞರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಬಾಯಿಯ ಕಾವಲನ್ನು ತಪ್ಪಿಸಿಕೊಂಡ ವಿಷಕ್ಕೆ ಕರುಳಿನಲ್ಲಿ ಎರಡನೆಯ ಕಾವಲು ಇದ್ದರೆ ಆಶ್ಚರ್ಯವೇನು? ಹಾಗಿದ್ದ ಪಕ್ಷದಲ್ಲಿ, ಬೀಗ ಮಂದವಾಗಿರುವವರ ಕರುಳಿನಲ್ಲಿ ಆ ಕಾವಲೂ ಮಂದವಾಗಿರಬೇಕು. ಹಾನಿಕರ ವಸ್ತುಗಳು ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಈ ತರ್ಕದ ಪ್ರಕಾರ ರೋಗದ ಭಯ ಹೆಚ್ಚಾಗಿರಬೇಕಾದುದು ಕಹಿಯನ್ನು ಅರಿಯದವರಿಗೆ. ಮೊದಲನೆಯ ತರ್ಕಕ್ಕೆ ಇದು ನೇರವಾಗಿ ವಿರುದ್ಧವಾದುದು.

2011ರಲ್ಲಿ ಪ್ರಕಟವಾದ ಯೂರೋಪಿನ ಅಧ್ಯಯನವೊಂದು ಈ ಎರಡನೆಯ ಪಕ್ಷದ ಕಡೆಗೆ ಒಲಿಯಿತು. ಚೆಕ್ ಗಣರಾಜ್ಯ ಮತ್ತು ಜರ್ಮನಿಗಳಲ್ಲಿ ಕರುಳಿನ ಕ್ಯಾನ್ಸರು ಬಂದವರ ಜೀನುಗಳನ್ನೂ ಬಾರದವರ ಜೀನುಗಳನ್ನೂ ಹೋಲಿಸಿ ನೋಡಿದರು. ಅರಿಯದ ಬಗೆಯ ಎರಡು ಪ್ರತಿಗಳನ್ನು ಪಡೆದವರಲ್ಲಿ ರೋಗದ ಸಂಭವ ಉಳಿದವರಲ್ಲಿ ಒಂದು ಇದ್ದರೆ, ಅವರಲ್ಲಿ ಸುಮಾರು 1.3ರಷ್ಟು ಕಂಡಿತು.

ಯಾವುದು ನಿಜ?

ಒಂದು ಅಧ್ಯಯನ ಕಹಿಯನ್ನರಿಯುವವರಿಗೆ ಭಯವೆನ್ನುತ್ತದೆ. ಇನ್ನೊಂದು ಅರಿಯದವರಿಗೆ ಎನ್ನುತ್ತದೆ. ವಿಜ್ಞಾನದ ವಿದ್ಯಾರ್ಥಿಯು ಇಂತಹ ಸಂದರ್ಭದಲ್ಲಿ ತನಗೆ ಹಿತವಾದುದನ್ನು ಆರಿಸಿಕೊಳ್ಳದೆ, ಎರಡನ್ನೂ ಮುಂದಿಟ್ಟುಕೊಂಡು, ಅವು ಏನನ್ನು ಅಳೆದುವೆಂದು ಮೊದಲು ಕೇಳಬೇಕು.

ಮೊದಲನೆಯ ಅಧ್ಯಯನದಲ್ಲಿ ಅಳೆದುದು ನಾಲಗೆಯ ಅನುಭವವನ್ನು. ಎರಡನೆಯದರಲ್ಲಿ ಅಳೆದುದು ಜೀನನ್ನು. ಇವೆರಡೂ ಒಂದೇ ಅಲ್ಲ. ನಾಲಗೆಯ ಸೂಕ್ಷ್ಮತೆಯು ವಯಸ್ಸಿನಿಂದ, ಹೊಗೆಬತ್ತಿಯಿಂದ, ರೋಗಗಳಿಂದ ಬದಲಾಗಬಹುದು. ಜೀನು ಹುಟ್ಟಿನಿಂದ ಸಾವಿನವರೆಗೆ ಬದಲಾಗದು. ರೋಗ ಬಂದ ಮೇಲೆ ಜೀನು ಹೀಗಾಯಿತೆಂದು ಶಂಕಿಸಲು ಅವಕಾಶವಿಲ್ಲ. ಜೀನನ್ನು ಅಳೆಯುವುದರ ದೊಡ್ಡ ಅನುಕೂಲ ಇದು. ಎರಡನೆಯದಾಗಿ, ಒಂದರಲ್ಲಿ ಎಣಿಸಿದುದು ಗಂತಿಗಳನ್ನು, ಇನ್ನೊಂದರಲ್ಲಿ ಕ್ಯಾನ್ಸರನ್ನು. ಗಂತಿಗಳೆಲ್ಲ ಕ್ಯಾನ್ಸರಾಗುವುದಿಲ್ಲವೆಂದು ಆಗಲೇ ಹೇಳಿದ್ದೇವೆ. ಮೂರನೆಯದಾಗಿ, 250 ಮಂದಿಯ ಗುಂಪು ಚಿಕ್ಕದು. ಗುಂಪು ಚಿಕ್ಕದಾದಷ್ಟೂ ಆಕಸ್ಮಿಕದ ಆಟ ಹೆಚ್ಚು. ನಾಣ್ಯವನ್ನು ಹತ್ತು ಸಲ ಚಿಮ್ಮಿದಾಗ ಏಳು ಸಲ ಒಂದೇ ಮುಖ ಬಿದ್ದರೆ ಅಚ್ಚರಿಯಿಲ್ಲ. ಸಾವಿರ ಸಲ ಚಿಮ್ಮಿದಾಗ ಏಳುನೂರು ಸಲ ಬಿದ್ದರೆ ನಾಣ್ಯವನ್ನೇ ಪರೀಕ್ಷಿಸಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ಎರಡು ಸಂಗತಿಗಳು ಜೊತೆಯಾಗಿ ಕಂಡುವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಅವುಗಳ ನಡುವೆ ಮೂರನೆಯದೊಂದು ಅಡಗಿರಬಹುದು. ಮದ್ಯದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕಹಿಯನ್ನು ಅರಿಯದ ಬಗೆಯ ಜೀನುಳ್ಳವರು ಮದ್ಯವನ್ನು ಹೆಚ್ಚಾಗಿ ಸೇವಿಸುವರೆಂದು ಅಮೆರಿಕದ ಒಂದು ಅಧ್ಯಯನ 2004ರಲ್ಲಿ ತೋರಿಸಿತ್ತು. ಮದ್ಯವಾದರೋ ಕರುಳಿನ ಕ್ಯಾನ್ಸರಿಗೆ ಕಾರಣಗಳಲ್ಲಿ ಒಂದೆಂದು ಸ್ಥಿರಪಟ್ಟಿದೆ. ಹಾಗಿರುವಾಗ ತಪ್ಪು ಕರುಳಿನ ಬೀಗದ್ದೋ ಕೈಯಲ್ಲಿನ ಲೋಟದ್ದೋ ಎಂಬುದನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ಇದಕ್ಕೆ ಸರಿಯಾದ ಮಾರ್ಗವೆಂದರೆ, ಆರೋಗ್ಯವಂತರಾದ ಅನೇಕ ಸಾವಿರ ಜನರ ಜೀನು, ಆಹಾರ, ಅಭ್ಯಾಸಗಳನ್ನು ಮೊದಲೇ ಬರೆದಿಟ್ಟು, ಅನೇಕ ವರ್ಷಗಳ ಕಾಲ ಅವರನ್ನು ಗಮನಿಸುತ್ತ ಹೋಗುವುದು. ಅದನ್ನು ಒಂದೇ ದೇಶದಲ್ಲಲ್ಲದೆ ಬೇರೆ ಬೇರೆ ಜನಾಂಗಗಳಲ್ಲಿ ಪುನರಾವರ್ತಿಸುವುದು. ಹತ್ತು ಕಡೆ ಒಂದೇ ಉತ್ತರ ಬಂದಾಗ ಮಾತ್ರ ಅದನ್ನು ಪಾಠದ ಪುಸ್ತಕಕ್ಕೆ ಸೇರಿಸಬಹುದು.

ಹೆಚ್ಚು ಎಂದರೆ ಎಷ್ಟು ಹೆಚ್ಚು?

ಯೂರೋಪಿನ ಅಧ್ಯಯನವೇ ಸರಿಯೆಂದು ಒಂದು ಗಳಿಗೆ ಒಪ್ಪಿಕೊಳ್ಳೋಣ. ಆಗ ಕಹಿಯನ್ನರಿಯದವನ ಗತಿಯೇನು? ಒಂದು ಊರಿನಲ್ಲಿ ಕಹಿಯನ್ನು ಅರಿಯುವ 1000 ಜನರಲ್ಲಿ ಜೀವಮಾನದಲ್ಲಿ 30 ಮಂದಿಗೆ ಈ ರೋಗ ಬರುವುದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಸಂಭವವು ಮೂರನೆಯ ಒಂದು ಭಾಗದಷ್ಟು ಹೆಚ್ಚಾದರೆ, ಅರಿಯದ 1000 ಜನರಲ್ಲಿ ಅದು 40 ಮಂದಿಗೆ ಬರುತ್ತದೆ. ಅಂದರೆ ಸಾವಿರದಲ್ಲಿ ಹತ್ತು ಮಂದಿ ಹೆಚ್ಚು. ಉಳಿದ 960 ಮಂದಿಗೆ ರೋಗವೇ ಇಲ್ಲ. "ಮೂರನೆಯ ಒಂದು ಭಾಗ ಹೆಚ್ಚು" ಎಂಬುದೂ "ಸಾವಿರಕ್ಕೆ ಹತ್ತು ಹೆಚ್ಚು" ಎಂಬುದೂ ಒಂದೇ ಸತ್ಯದ ಎರಡು ಮಾತುಗಳು. ಆದರೆ ಮೊದಲನೆಯದು ಎದೆ ನಡುಗಿಸುತ್ತದೆ, ಎರಡನೆಯದು ಯೋಚಿಸಲು ಬಿಡುತ್ತದೆ. ಅಪಾಯದ ಮಾತನ್ನು ಎಲ್ಲಿ ಓದಿದರೂ, ಎಷ್ಟರಲ್ಲಿ ಎಷ್ಟು ಎಂದು ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗಳು ಬೆಳೆಸಿಕೊಳ್ಳಬೇಕು.

ಜೀನುಗಳೆಲ್ಲ ಇಷ್ಟೇ ಸೌಮ್ಯವೆಂದೂ ತಿಳಿಯಬಾರದು. ಐದನೆಯ ವರ್ಣತಂತುವಿನ ಮೇಲೆ ಎಪಿಸಿ ಎಂಬ ಜೀನು ಇದೆ. ಅದನ್ನು 1991ರಲ್ಲಿ ಗುರುತಿಸಿದರು. ಅದರ ಕೆಟ್ಟ ಪ್ರತಿಯೊಂದನ್ನು ತಂದೆಯಿಂದಲೋ ತಾಯಿಯಿಂದಲೋ ಪಡೆದವರಲ್ಲಿ ಸಾಮಾನ್ಯವಾಗಿ ಹರೆಯದಲ್ಲಿಯೇ ಕರುಳಿನಲ್ಲಿ ನೂರಾರು ಗಂತಿಗಳು ಹುಟ್ಟಲಾರಂಭಿಸುತ್ತವೆ. ಚಿಕಿತ್ಸೆಯಿಲ್ಲದಿದ್ದರೆ ನಡುವಯಸ್ಸಿನ ಹೊತ್ತಿಗೆ ಬಹುಮಟ್ಟಿಗೆ ಎಲ್ಲರಿಗೂ ಕ್ಯಾನ್ಸರು ಬರುತ್ತದೆ. ಇಂತಹ ಜೀನು ವಿರಳ. ಆದರೆ ಅದರ ಮಾತು ಖಚಿತ. ರುಚಿಯ ಜೀನು ಸರ್ವಸಾಮಾನ್ಯ. ಆದರೆ ಅದರ ಮಾತು ಪಿಸುಗುಟ್ಟಿದಂತೆ. ಎರಡಕ್ಕೂ ಜೀನೆಂಬ ಒಂದೇ ಹೆಸರಿದ್ದರೂ ಇವನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗದು.

ನಮ್ಮ ಕೈಯಲ್ಲಿರುವುದು

ಜಪಾನಿನಿಂದ ಹವಾಯಿ ದ್ವೀಪಗಳಿಗೆ ವಲಸೆ ಹೋದವರ ಚರಿತ್ರೆ ಈ ವಿಷಯದಲ್ಲಿ ಬಹು ಬೋಧಪ್ರದವಾದುದು. ತಾಯ್ನಾಡಿನಲ್ಲಿ ಅಂದು ಕರುಳಿನ ಕ್ಯಾನ್ಸರು ಕಡಿಮೆಯಾಗಿತ್ತು. ಹೊಸ ನಾಡಿನಲ್ಲಿ ಒಂದೆರಡು ತಲೆಮಾರುಗಳೊಳಗೆ ಅವರಲ್ಲಿ ಆ ರೋಗ ಹೆಚ್ಚಿ, ಅಲ್ಲಿಯ ಇತರರ ಮಟ್ಟಕ್ಕೆ ಬಂದಿತು. ಇಷ್ಟು ಅಲ್ಪಕಾಲದಲ್ಲಿ ಜೀನುಗಳು ಬದಲಾಗಲಾರವು. ಬದಲಾದುದು ಊಟ ಮತ್ತು ಜೀವನಕ್ರಮ.

ಪ್ರತಿದಿನವೂ 50 ಗ್ರಾಂ ಸಂಸ್ಕರಿಸಿದ ಮಾಂಸವನ್ನು ತಿನ್ನುವುದರಿಂದ ಈ ರೋಗದ ಸಂಭವ ಸುಮಾರು ಶೇಕಡ 18ರಷ್ಟು ಹೆಚ್ಚುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಹೇಳಿತು. ದಿನಕ್ಕೆ 10 ಗ್ರಾಂ ನಾರನ್ನು ಹೆಚ್ಚಾಗಿ ತಿಂದವರಲ್ಲಿ ಸಂಭವವು ಸುಮಾರು ಶೇಕಡ 10ರಷ್ಟು ಕಡಿಮೆಯೆಂದು, ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ 2011ರ ಲೆಕ್ಕ ತೋರಿಸಿತು. ರಾಗಿ, ಕಾಳುಗಳು, ಸೊಪ್ಪು, ತರಕಾರಿಗಳು ನಾರನ್ನು ಧಾರಾಳವಾಗಿ ಕೊಡುತ್ತವೆ. ಎಲೆಕೋಸು ಕಹಿಯೆನಿಸುವವರು ಅದನ್ನು ಬಿಟ್ಟು ಹುರುಳಿಕಾಯಿಯನ್ನೋ ದಂಟಿನ ಸೊಪ್ಪನ್ನೋ ತಿಂದರೆ ನಷ್ಟವೇನೂ ಇಲ್ಲ. ಇದರೊಡನೆ ಹೊಗೆಸೊಪ್ಪು, ಮದ್ಯ, ಅತಿ ಸ್ಥೂಲತೆ, ಕುಳಿತಲ್ಲಿಯೇ ಕುಳಿತಿರುವ ಜೀವನ, ಇವನ್ನು ದೂರವಿಡುವುದು ಎರಡೂ ಬಗೆಯ ನಾಲಗೆಯವರಿಗೂ ಸಮಾನವಾದ ಧರ್ಮ.

ಇನ್ನೊಂದು ಸಮಾಧಾನದ ಸಂಗತಿಯುಂಟು. ಗಂತಿಯು ಕ್ಯಾನ್ಸರಾಗಲು ವರ್ಷಗಳೇ ಹಿಡಿಯುವುದರಿಂದ, ಅದನ್ನು ಮೊದಲೇ ಕಂಡು ತೆಗೆದುಹಾಕಲು ಸಮಯವಿರುತ್ತದೆ. ಮಲದಲ್ಲಿ ರಕ್ತ ಕಾಣುವುದು, ವಾರಗಟ್ಟಲೆ ಮಲಪ್ರವೃತ್ತಿ ಬದಲಾಗಿರುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಇವು ವೈದ್ಯರಿಗೆ ತಿಳಿಸಬೇಕಾದ ಲಕ್ಷಣಗಳು. ಮೂಲವ್ಯಾಧಿಯಿರಬೇಕೆಂದು ತಾವೇ ನಿರ್ಣಯಿಸಿ, ನಾಚಿಕೆಯಿಂದ ಬಾಯಿ ಬಿಡದೆ ತಿಂಗಳುಗಳನ್ನು ಕಳೆಯುವವರು ನಮ್ಮ ನಡುವೆ ಅನೇಕರಿದ್ದಾರೆ. ಐವತ್ತಕ್ಕಿಂತ ಕಡಿಮೆ ವಯಸ್ಸಿನವರಲ್ಲಿಯೂ ಈ ರೋಗ ಹಲವು ದೇಶಗಳಲ್ಲಿ ಹೆಚ್ಚುತ್ತಿರುವುದರಿಂದ ಈ ಮೌನ ಇನ್ನೂ ಅಪಾಯಕರ.

ಈಗ ಪ್ರಯೋಗಶಾಲೆಯ ಕಾಗದದ ಕಡೆಗೆ ಮರಳೋಣ. ಫಾಕ್ಸನ ರಾಸಾಯನಿಕ ಹೆಚ್ಚಿನ ಪ್ರಮಾಣದಲ್ಲಿ ವಿಷಕರ. ಆದುದರಿಂದ ಅಧ್ಯಾಪಕರು ಕೊಟ್ಟ ಕಾಗದವನ್ನಲ್ಲದೆ ಸೀಸೆಯ ಪುಡಿಯನ್ನು ಯಾರೂ ಮುಟ್ಟಬಾರದು. ಆ ಕಾಗದ ಹೇಳುವುದು ಇಪ್ಪತ್ತೈದು ಬೀಗಗಳಲ್ಲಿ ಒಂದರ ಸಂಗತಿಯನ್ನು ಮಾತ್ರ; ಪ್ರಯೋಗದ ಪುಸ್ತಕದಲ್ಲಿ ಅದನ್ನು ಹಾಗೆಯೇ ಬರೆದುಕೊಳ್ಳಿರಿ. ನಿಮ್ಮ ಕರುಳಿನ ಭವಿಷ್ಯವನ್ನು ನಿಜವಾಗಿ ಅರಿಯಬೇಕೆಂದಿದ್ದರೆ, ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯನ್ನೋ ದೊಡ್ಡಪ್ಪನನ್ನೋ ಕೇಳಿರಿ: ನಮ್ಮ ಮನೆತನದಲ್ಲಿ ಯಾರಿಗಾದರೂ ಕರುಳಿನ ಗಂತಿಯಾಗಿತ್ತೆ, ಆಗಿದ್ದರೆ ಅವರಿಗೆ ಆಗ ಎಷ್ಟು ವಯಸ್ಸು? ಹೌದೆಂಬ ಉತ್ತರ ಬಂದರೆ ಅದನ್ನು ವೈದ್ಯರ ಮುಂದಿಡಿರಿ. ಪರೀಕ್ಷೆಯನ್ನು ಯಾವ ವಯಸ್ಸಿನಲ್ಲಿ ಆರಂಭಿಸಬೇಕೆಂದು ಹೇಳಲು ಅವರಿಗೆ ನಿಮ್ಮ ನಾಲಗೆಯ ಕಾಗದಕ್ಕಿಂತ ಆ ಅಜ್ಜಿಯ ನೆನಪೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.